ಬಟ್ಟೆ ಅಂಗಡಿಯಿಂದ ಬಣ್ಣದ ಕುಂಚಕ್ಕೆ

ಸೋದರಿಯರೇ, ತಿಂಗಳು ತಿಂಗಳು ಸಂಬಳ ತರುವ ಮಗಳು ಒಂದು ಸಂಜೆ ಬಂದು, "ಅಮ್ಮಾ, ಕೆಲಸ ಬಿಟ್ಟು ಚಿತ್ರ ಬರೀತೀನಿ" ಅಂದರೆ ನೀವೇನು ಮಾಡ್ತೀರಿ? ನಾನಂತೂ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ!

ನಮ್ಮ ಮನೆ ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ. ಹತ್ತಿರದಲ್ಲೇ ದೊಡ್ಡ ಮಾಲುಗಳಿವೆ. 2023ರಲ್ಲಿ ಮೆಟ್ರೊ ಕೂಡ ಬಂತು. ನಮ್ಮ ಬೀದಿಯ ಹೆಣ್ಣುಮಕ್ಕಳು ಕೆಲವರು ಉಡುಪಿನ ಅಂಗಡಿಗಳಿಗೆ ಕೆಲಸಕ್ಕೆ ಹೋಗುತ್ತಾರೆ. ನನ್ನ ಮಗಳೂ ನಾಲ್ಕು ವರ್ಷ ಹೋದಳು. ದಿನವಿಡೀ ನಿಂತೇ ಇರಬೇಕು. ಬೊಂಬೆಗಳಿಗೆ ಉಡುಪು ತೊಡಿಸಬೇಕು, ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಬೇಕು. ರಾತ್ರಿ ಕಾಲಿಗೆ ಬಿಸಿನೀರು ಹಾಕಿಕೊಂಡು, ಅದೇ ಬಣ್ಣಗಳನ್ನು ಕಾಗದದ ಮೇಲೆ ಇಳಿಸುತ್ತಿದ್ದಳು.

"ಹೊಟ್ಟೆಗೇನು ಬಣ್ಣ ತಿಂತೀಯಾ?" ಅಂತ ಗದರಿಸಿದೆ. ಅವಳು ಅಳಲಿಲ್ಲ. ಯೂಸುಫ್ ಅರಕ್ಕಲ್ ಅವರ ಕಥೆ ಹೇಳಿದಳು.

ಅರಕ್ಕಲ್ ಹುಟ್ಟಿದ್ದು 1945ರಲ್ಲಿ, ಕೇರಳದ ಚಾವಕ್ಕಾಡಿನಲ್ಲಿ. ಚಿಕ್ಕಂದಿನಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು, ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಓಡಿಬಂದವರು. ಸಿಕ್ಕಿದ ಕೂಲಿ ಮಾಡಿ ಬದುಕಿದರು. ಆಮೇಲೆ ನಮ್ಮ ಪೂರ್ವ ಬೆಂಗಳೂರಿನದೇ ಆದ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಆ ಭದ್ರವಾದ ನೌಕರಿ ಬಿಟ್ಟು ಚಿತ್ರವನ್ನೇ ನಂಬಿದರು. ಬೀದಿಬದಿಯ ಬಡವರು, ಗುಂಪಿನಲ್ಲೂ ಒಂಟಿಯಾದವರು ಅವರ ಚಿತ್ರಗಳಲ್ಲಿ ಬಂದರು. 1983ರಲ್ಲಿ ರಾಷ್ಟ್ರಪ್ರಶಸ್ತಿ, 2005ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಚಿನ್ನದ ಪದಕ ಬಂತು. ಪತ್ನಿ ಸಾರಾ ಅವರು ಚಿತ್ರಶಾಲೆ ನಡೆಸಿ ಜೊತೆಗೆ ನಿಂತರು. ಅರಕ್ಕಲ್ 2016ರಲ್ಲಿ ತೀರಿಕೊಂಡರು.

"ಅವರದು ಕಾರ್ಖಾನೆ, ನಿನ್ನದು ಬಟ್ಟೆ ಅಂಗಡಿ" ಅಂದೆ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. ಅಮೆರಿಕದ ಆಂಡಿ ವಾರ್ಹೋಲ್ 1950ರ ದಶಕದಲ್ಲಿ ಚಪ್ಪಲಿ-ಬೂಟುಗಳ ಜಾಹೀರಾತಿಗೆ ಚಿತ್ರ ಬರೆದವರಂತೆ. 1961ರಲ್ಲಿ ತಮ್ಮ ಹೊಸ ಬಗೆಯ ಚಿತ್ರಗಳನ್ನು ನ್ಯೂಯಾರ್ಕಿನ ಉಡುಪಿನ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲೇ ಇಟ್ಟರಂತೆ, ಬೊಂಬೆಗಳ ಹಿಂದೆ!

ಆಗ ನನ್ನ ಸಿಟ್ಟು ಇಳಿಯಿತು, ಭಯ ಇಳಿಯಲಿಲ್ಲ. ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು. ಮೊದಲು ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೂಡಿಡಬೇಕು. ವಾರದ ರಜೆಯಲ್ಲಿ ಕಲಿಯಬೇಕು. ಕ್ಯಾನ್‌ವಾಸು, ಬಣ್ಣ, ಕಟ್ಟು ಹಾಕಿಸಿದ್ದು ಎಲ್ಲದರ ಲೆಕ್ಕ ಬರೆದಿಡಬೇಕು. ಇಲ್ಲದಿದ್ದರೆ ಚಿತ್ರ ಮಾರಿಯೂ ನಷ್ಟವೇ. ಅವಳು ಒಪ್ಪಿ, ಹಣ ಕೂಡಿದ ಮೇಲೆಯೇ ಕೆಲಸ ಬಿಟ್ಟಳು.

ಪ್ರತಿ ಜನವರಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಕಲಾವಿದರೇ ಕೂತು ಮಾರುತ್ತಾರೆ. ಅವಳು ಒಯ್ದದ್ದು ಹನ್ನೊಂದು ಚಿತ್ರ, ಮಾರಿದ್ದು ಎರಡೇ. ಬಾಕಿ ಒಂಬತ್ತನ್ನು ಇಬ್ಬರೂ ಹೊತ್ತು ತಂದೆವು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಮನೆಗೆ ಬಂದವಳು ಕೈಕಾಲು ತೊಳೆದು, ಮತ್ತೆ ಕುಂಚ ಹಿಡಿದು ಕೂತಳು.

ಅವಳು ಗೆಲ್ಲುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಕೇಳುವ ಮಗಳಿದ್ದರೆ ಕೂಡಲೇ "ಬೇಡ" ಅನ್ನಬೇಡಿ, ಕೂಡಲೇ "ಹೂಂ" ಅಂತಲೂ ಅನ್ನಬೇಡಿ. ಲೆಕ್ಕದ ಪುಸ್ತಕ ತೆಗೆದು ಪಕ್ಕದಲ್ಲಿ ಕೂತುಕೊಳ್ಳಿ. ಹಾಂ, ಒಲೆ ಆರಿಸುವುದನ್ನು ಮಾತ್ರ ಮರೆಯಬೇಡಿ!