ಅದ್ಭುತ ಕಥೆಗಳ ಭಾಷಾಂತರ

ದ್ರೋಣಾಚಾರ್ಯರ ಹೆಸರಿನ ದ್ರೋಣಪುರವೇ ಜನರ ನಾಲಗೆಯ ಮೇಲೆ ಸವೆದು ರೋಣವಾಯಿತೆಂಬ ಐತಿಹ್ಯವನ್ನು ನೀವು ಕೇಳಿರಬಹುದು. ರೋಣದಿಂದ ಗದಗಿಗೆ ಹೋದರೆ ವೀರನಾರಾಯಣನ ಗುಡಿಯಿದೆ. ಕೋಳಿವಾಡದ ನಾರಣಪ್ಪ ಹದಿನೈದನೆಯ ಶತಮಾನದಲ್ಲಿ ಭಾರತದ ಕಥೆಯನ್ನು ಹತ್ತು ಪರ್ವಗಳಾಗಿ ಭಾಮಿನಿ ಷಟ್ಪದಿಯಲ್ಲಿ ಹಾಡಿದ್ದು ಅಲ್ಲಿಯೇ ಎಂದು ನಂಬಿಕೆ. ಸಂಸ್ಕೃತದ ಮಹಾಕಥೆ ಈ ಸೀಮೆಯ ಕಿವಿಗೆ ಇಳಿದದ್ದು ಹೀಗೆ.

ಈಗ ನಮ್ಮ ಮನೆಗಳಿಗೆ ಬೇರೊಂದು ಬಗೆಯ ಮಹಾಕಥೆಗಳು ಬಂದಿವೆ. ಟೋಲ್ಕಿನ್ ಎಂಬ ಇಂಗ್ಲಿಷ್ ಪಂಡಿತರು 1937ರಲ್ಲಿ ‘ಹಾಬಿಟ್’ ಎಂಬ ಕಥೆಯನ್ನೂ, 1954-55ರಲ್ಲಿ ಮೂರು ಸಂಪುಟಗಳ ‘ಲಾರ್ಡ್ ಆಫ್ ದ ರಿಂಗ್ಸ್’ ಅನ್ನೂ ಪ್ರಕಟಿಸಿದರು. ಮಕ್ಕಳು ಇಂಥವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಅದೇ ಮನೆಯ ಅಜ್ಜಿಗೆ ಅದು ಮುಚ್ಚಿದ ಪುಸ್ತಕ. ಕನ್ನಡದಲ್ಲಿ ಹೇಳುವುದಾದರೆ ಹೇಗೆ ಹೇಳಬೇಕು?

‘ಹಾಬಿಟ್’ ಕಥೆಯಲ್ಲಿ ಬೆಟ್ಟದೊಳಗೆ ಚಿನ್ನದ ರಾಶಿಯನ್ನು ಕಾಯುವ ಡ್ರ್ಯಾಗನ್ ಒಂದಿದೆ. ನಿಧಿ ಕಾಯುವ ಸರ್ಪ ನಮಗೆ ಹೊಸದಲ್ಲ. ಹಾಗಾದರೆ ಅದನ್ನು ‘ನಾಗ’ ಎನ್ನೋಣವೇ? ಇಂಡೋನೇಷಿಯಾ ಭಾಷೆಯಲ್ಲಿ ಡ್ರ್ಯಾಗನ್‌ಗೆ ‘ನಾಗ’ ಎಂಬುದೇ ರೂಢಿಯ ಮಾತು. ಅಲ್ಲಿಯ ಭಾಷಾಂತರಕಾರನಿಗೆ ತೊಡಕಿಲ್ಲ. ನಮ್ಮಲ್ಲಿ ಹಾಗಲ್ಲ. ಪಂಚಮಿಯಂದು ನಾಗಪ್ಪನಿಗೆ ಹಾಲೆರೆದ ತಾಯಿ, ಅದೇ ಹೆಸರಿನ ಪ್ರಾಣಿಯನ್ನು ಬಾಣ ಬಿಟ್ಟು ಕೊಂದವನನ್ನು ವೀರನೆಂದು ಮೆಚ್ಚಿಯಾಳೇ? ಅಜ್ಜಿಯ ಕಥೆಗಳ ‘ಏಳು ಹೆಡೆಯ ಘಟಸರ್ಪ’ಕ್ಕೆ ಯಾರೂ ಪೂಜೆ ಮಾಡುವುದಿಲ್ಲ. ಆ ಹೆಸರಿಟ್ಟು, ಹೆಡೆಗಳನ್ನು ಬಿಟ್ಟು, ರೆಕ್ಕೆಯನ್ನೂ ಬೆಂಕಿಯುಸಿರನ್ನೂ ಬಣ್ಣಿಸಿದರೆ ಕಥೆ ಸಾಗುತ್ತದೆ.

‘ರಾಕ್ಷಸ’ ಎಂಬ ಮಾತನ್ನೂ ನೋಡಿರಿ. ಇದೂ ಇಂಡೋನೇಷಿಯಾ ಭಾಷೆಯಲ್ಲಿದೆ. ಆದರೆ ಅಲ್ಲಿ ಅದಕ್ಕೆ ಬಹಳ ದೊಡ್ಡದು ಎಂಬ ಅರ್ಥವೂ ಬಂದಿದೆ. ನಮ್ಮ ರಾಕ್ಷಸನಿಗೆ ಗಾತ್ರದ ಜೊತೆಗೆ ದುಷ್ಟತನವೂ ಅಂಟಿಕೊಂಡಿದೆ. ಆಸ್ಕರ್ ವೈಲ್ಡನ 1888ರ ಕಥೆಯೊಂದರಲ್ಲಿ ಮಹಾಕಾಯನೊಬ್ಬ ಕೊನೆಗೆ ಮಕ್ಕಳ ಗೆಳೆಯನಾಗುತ್ತಾನೆ. ಅವನನ್ನು ರಾಕ್ಷಸನೆಂದರೆ ಕೇಳುವ ಕೂಸಿಗೆ ಬಕಾಸುರ ಕಾಣುತ್ತಾನೆ. ‘ದೈತ್ಯ’ ಎಂದರೆ ವಾಸಿ. ಬಳಕೆಯಲ್ಲಿ ಆ ಮಾತು ಗಾತ್ರವನ್ನೇ ಮುಂದೆ ಮಾಡುತ್ತದೆ.

ಎಂದರೆ, ನಮ್ಮ ಮಾತು ಬರಿಯ ಪಾತ್ರೆಯಲ್ಲ; ಅದರಲ್ಲಿ ಮೊದಲೇ ಒಂದು ಕಥೆ ತುಂಬಿರುತ್ತದೆ. ಇದನ್ನು ಬಿ. ಎಂ. ಶ್ರೀಕಂಠಯ್ಯನವರಂಥ ಹಿರಿಯರೂ ಎದುರಿಸಬೇಕಾಯಿತು. ಸಾಫೊಕ್ಲೀಸನ ಗ್ರೀಕ್ ನಾಟಕ ‘ಅಯಾಸ್’ ಅನ್ನು ಆಧರಿಸಿ ಅವರು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಅವಮಾನದಿಂದ ಕುದಿಯುವ ಗ್ರೀಕ್ ವೀರನ ಜಾಗದಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿದ್ದು ಸೊಗಸಾದ ಆಯ್ಕೆ. ಆದರೆ ಗ್ರೀಕ್ ಕಥೆಯ ವೀರ ತನ್ನ ಕೈಯಿಂದಲೇ ಸಾಯುತ್ತಾನೆ. ನಮ್ಮ ಅಶ್ವತ್ಥಾಮನೋ ಚಿರಂಜೀವಿ! ಹೆಸರು ತಂದುಕೊಟ್ಟ ಬಲದೊಡನೆ ಹೆಸರು ಒಡ್ಡಿದ ತೊಡಕೂ ಬಂದಿತು.

ಹಗುರವಾದ ಇನ್ನೊಂದು ಉದಾಹರಣೆ. ಲೂಯಿ ಕ್ಯಾರಲ್‌ನ 1865ರ ‘ಆಲಿಸ್’ ಕಥೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದರು. ಮೊಲದ ಬಿಲದೊಳಗೆ ಜಾರಿದ ಹುಡುಗಿ ಪಾತಾಳಕ್ಕಲ್ಲದೆ ಇನ್ನೆಲ್ಲಿಗೆ ಹೋದಾಳು? ಇಲ್ಲಿ ಹಳೆಯ ಮಾತಿನೊಳಗಿನ ಕಥೆ ಹೊಸ ಕಥೆಗೆ ಅಡ್ಡಿಯಾಗದೆ ಬೆನ್ನಿಗೆ ನಿಂತಿತು.

ಹಾಗೆಂದು ಎಲ್ಲವನ್ನೂ ಬದಲಿಸಬೇಕೆಂದಿಲ್ಲ. ಟೋಲ್ಕಿನ್ನರೇ ಭಾಷಾಂತರಕಾರರಿಗಾಗಿ, ಯಾವ ಹೆಸರನ್ನು ಹಾಗೆಯೇ ಇಡಬೇಕು, ಯಾವುದನ್ನು ಅರ್ಥವರಿತು ತಿರುಗಿಸಬೇಕು ಎಂದು ಟಿಪ್ಪಣಿ ಬರೆದಿಟ್ಟಿದ್ದರು. ಅದು 1975ರಲ್ಲಿ ಅಚ್ಚಾಯಿತು. ಮೂಲದ ಮಾತನ್ನು ಉಳಿಸಿಕೊಂಡೇ ತಿಳಿಸುವ ಕ್ರಮ ಬಹಳ ಹಳೆಯದು. ಜಾವಾ ದ್ವೀಪದಲ್ಲಿ ಧರ್ಮವಂಶನೆಂಬ ಅರಸನ ಕಾಲದಲ್ಲಿ, 996ರಲ್ಲಿ, ವಿರಾಟಪರ್ವವನ್ನು ಪ್ರಾಚೀನ ಜಾವಾ ಭಾಷೆಯ ಗದ್ಯದಲ್ಲಿ ಓದಿಸಿದರು. ನಮ್ಮ ಪಂಪ ತನ್ನ ಭಾರತವನ್ನು ಮುಗಿಸಿ ಆಗ ಐವತ್ತೈದು ವರ್ಷವಷ್ಟೇ. ಆ ಜಾವಾ ಗದ್ಯದಲ್ಲಿ ನಡುನಡುವೆ ಸಂಸ್ಕೃತದ ತುಣುಕುಗಳನ್ನು ಹಾಗೆಯೇ ಇಟ್ಟು, ಅರ್ಥವನ್ನು ದೇಶಭಾಷೆಯಲ್ಲಿ ಹೇಳಿದೆ. ನಮ್ಮ ಗಮಕಿ ಪದ್ಯ ಹಾಡಿದ ಮೇಲೆ ವ್ಯಾಖ್ಯಾನಕಾರರು ಅರ್ಥ ಬಿಡಿಸುವುದನ್ನು ಕೇಳಿದ ನಿಮಗೆ ಇದು ಹೊಸತೆನಿಸದು.

ಆದ್ದರಿಂದ ಭಾಷಾಂತರದ ಪರೀಕ್ಷೆ ನಿಘಂಟಿನಲ್ಲಿಲ್ಲ, ಕಿವಿಯಲ್ಲಿದೆ. ಮನೆಯ ಮಕ್ಕಳು ಓದುವ ಇಂಗ್ಲಿಷ್ ಕಥೆಯ ಒಂದು ಪುಟವನ್ನು ಅವರೇ ಕನ್ನಡದಲ್ಲಿ ಹೇಳಲಿ; ಊಟವಾದ ಮೇಲೆ ಎಲ್ಲರೂ ಕುಳಿತು ಕೇಳಿರಿ. ಎಲ್ಲಿ ಅಜ್ಜಿ ‘ಹಂಗಂದ್ರೇನು?’ ಎನ್ನುವಳೋ ಅಲ್ಲಿ ಮಾತನ್ನು ತಿದ್ದಬೇಕು. ‘ಮುಂದೇನಾತು?’ ಎಂದು ಕೇಳಿದಳೋ, ಕಥೆ ಕನ್ನಡಕ್ಕೆ ಬಂದಿತೆಂದೇ ತಿಳಿಯಿರಿ.