ವ್ಯಾಸತೀರ್ಥರೂ ಕಲ್ಕತ್ತೆಯ ಒಂದು ಗ್ರಂಥವೂ

೧೯೩೪ನೆಯ ಇಸವಿಯಲ್ಲಿ ಕಲ್ಕತ್ತೆಯ ಸಂಸ್ಕೃತ ಗ್ರಂಥಮಾಲೆಯಲ್ಲಿ ಒಂದು ದೊಡ್ಡ ಗ್ರಂಥವು ಅಚ್ಚಾಯಿತು. ಒಂದು ಮತವನ್ನು ಖಂಡಿಸುವ ಕೃತಿ, ಆ ಖಂಡನೆಗೆ ಸಾಲುಸಾಲಾಗಿ ಉತ್ತರ ಕೊಡುವ ಕೃತಿ, ಇವೆರಡನ್ನೂ ಅನಂತಕೃಷ್ಣ ಶಾಸ್ತ್ರಿಗಳು ವ್ಯಾಖ್ಯಾನಗಳೊಡನೆ ಒಟ್ಟಿಗೆ ಪ್ರಕಟಿಸಿದರು. ಮೊದಲನೆಯದು ನಮ್ಮ ನಾಡಿನ ವ್ಯಾಸತೀರ್ಥರ 'ನ್ಯಾಯಾಮೃತ'. ಎರಡನೆಯದು ವಂಗದೇಶದ ಮಧುಸೂದನ ಸರಸ್ವತಿಗಳ 'ಅದ್ವೈತಸಿದ್ಧಿ'. ಎದುರಾಳಿಗಳಿಬ್ಬರು ಹೀಗೆ ಜೊತೆಯಾದ ಬಗೆಯನ್ನು ವಾಚಕರಿಗೆ ತಿಳಿಸಬೇಕೆಂದು ನಮ್ಮ ಆಸೆ.

ವ್ಯಾಸತೀರ್ಥರು ಸುಮಾರು ೧೪೬೦ರಲ್ಲಿ ಮೈಸೂರಿಗೆ ಸಮೀಪದ ಬನ್ನೂರಿನಲ್ಲಿ ಜನಿಸಿದರು. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸವನ್ನು ಪಡೆದು, ಕಂಚಿಯಲ್ಲಿ ಪರಮತಗಳ ಶಾಸ್ತ್ರಗಳನ್ನು ಓದಿದರು. ಬಳಿಕ ಮುಳುಬಾಗಿಲಿನ ಶ್ರೀಪಾದರಾಜರಲ್ಲಿ ವ್ಯಾಸಂಗ ಮಾಡಿದರು. ಸಾಳ್ವ ನರಸಿಂಹನ ಚಂದ್ರಗಿರಿ, ತಿರುಪತಿ, ಕೊನೆಗೆ ಕೃಷ್ಣದೇವರಾಯನ ವಿಜಯನಗರ, ಇವು ಅವರ ಕಾರ್ಯಕ್ಷೇತ್ರಗಳು. ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದವರೂ ಇವರೇ. ೧೫೩೯ರಲ್ಲಿ ದೇಹವನ್ನು ಬಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ಅವರ ಬೃಂದಾವನವಿದೆ.

ಅದೇ ಕಾಲದಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಗೇಬ್ರಿಯಲ್ ಬೀಲ್ ಎಂಬ ಪಂಡಿತನು ೧೪೮೪ರಿಂದ ದೇವತಾಶಾಸ್ತ್ರವನ್ನು ಬೋಧಿಸುತ್ತಿದ್ದನು. ಅಲ್ಲಿ ಪದವಿಯೂ ಪೀಠವೂ ಇದ್ದವು. ನಮ್ಮಲ್ಲಿ ಮಠವೇ ವಿದ್ಯಾಲಯ, ರಾಜಸಭೆಯೇ ಪರೀಕ್ಷಾಮಂದಿರ. ಆದರೂ ಎರಡೆಡೆಗಳಲ್ಲಿಯೂ ಎದುರು ಪಕ್ಷವನ್ನು ಮೊದಲು ನಿರೂಪಿಸದೆ ಸ್ವಪಕ್ಷವನ್ನು ಸಾಧಿಸುವ ವಾಡಿಕೆಯಿರಲಿಲ್ಲ. ಇದನ್ನು ನಮ್ಮವರು ಪೂರ್ವಪಕ್ಷವೆಂದರು.

ವ್ಯಾಸತೀರ್ಥರು ಈ ಪೂರ್ವಪಕ್ಷಕ್ಕಾಗಿ ಬಹಳ ದೂರ ಕೈಚಾಚಿದರು. ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶನು 'ತತ್ತ್ವಚಿಂತಾಮಣಿ'ಯಲ್ಲಿ ನವ್ಯನ್ಯಾಯವೆಂಬ ತರ್ಕವನ್ನು ಸ್ಥಾಪಿಸಿದ್ದನು. ಒಂದೊಂದು ಮಾತಿನ ಅರ್ಥವನ್ನೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಗೊತ್ತುಮಾಡುವ ವಿದ್ಯೆ ಅದು. ಮುಂದೆ ಕಲ್ಕತ್ತೆಗೆ ಉತ್ತರದಲ್ಲಿರುವ ನವದ್ವೀಪವು ಅದರ ತವರಾಯಿತು. ಆ ವಿದ್ಯೆಯನ್ನು ವ್ಯಾಸತೀರ್ಥರು ತಮ್ಮದಾಗಿಸಿಕೊಂಡರು. 'ತರ್ಕತಾಂಡವ'ದಲ್ಲಿ ಅದನ್ನೇ ಪರೀಕ್ಷೆಗೆ ಒಳಪಡಿಸಿದರು.

ನ್ಯಾಯಾಮೃತದ ವಾದಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಜಗತ್ತು ಮಿಥ್ಯೆಯೆಂಬುದು ಅದ್ವೈತಿಗಳ ಮತ. ವ್ಯಾಸತೀರ್ಥರು ಮಿಥ್ಯಾತ್ವದ ಐದು ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿ, ಇನ್ನೊಂದು ಪ್ರಶ್ನೆಯನ್ನೂ ಎಸೆಯುತ್ತಾರೆ: ಈ ಮಿಥ್ಯಾತ್ವವು ಸತ್ಯವೋ ಮಿಥ್ಯೆಯೋ? ಸತ್ಯವಾದರೆ ಬ್ರಹ್ಮವಲ್ಲದೆ ಎರಡನೆಯದೊಂದು ಸತ್ಯವನ್ನು ಒಪ್ಪಿದಂತಾಯಿತು. ಮಿಥ್ಯೆಯಾದರೆ ಜಗತ್ತೇ ಸತ್ಯವಾಗಿ ಉಳಿಯಿತು. ಇತ್ತ ದರಿ, ಅತ್ತ ಪುಲಿ!

ಮಧುಸೂದನರು ಈ ಪ್ರಶ್ನೆಯನ್ನು ಬದಿಗೊತ್ತಲಿಲ್ಲ. ಒಂದನ್ನು ಅಲ್ಲಗಳೆದರೆ ಅದರ ವಿರುದ್ಧವಾದುದು ನಿಲ್ಲಲೇಬೇಕೆಂಬ ನಿಯಮವಿಲ್ಲ ಎಂದರು. ಹಸುವಿನ ಧರ್ಮವೂ ಕುದುರೆಯ ಧರ್ಮವೂ ಪರಸ್ಪರ ವಿರುದ್ಧ. ಆದರೆ ಆನೆಯಲ್ಲಿ ಎರಡೂ ಇಲ್ಲ. ಹಾಗೆಯೇ ಜಗತ್ತೂ ಅದರ ಮಿಥ್ಯಾತ್ವವೂ ಒಂದೇ ಕಾರಣದಿಂದ ನಿಷೇಧಕ್ಕೆ ಒಳಗಾಗುತ್ತವೆ. ಸತ್ಯ ಮಿಥ್ಯೆಗಳ ನಡುವೆಯೂ ಇಂತಹ ಒಂದು ಆನೆ ಉಂಟೇ ಎಂಬ ಸಂದೇಹವು ನಮಗೆ ತೀರಿಲ್ಲವಾದರೂ, ಉತ್ತರದ ಜಾಣ್ಮೆಗೆ ತಲೆದೂಗಿದೆವು. ಎದುರಾಳಿಯನ್ನು ಹಗುರವಾಗಿ ಎಣಿಸಿದವನು ಅವನ ಗ್ರಂಥವನ್ನು ಆದಿಯಿಂದ ಹೀಗೆ ಹಿಡಿದು ಓದುತ್ತಿರಲಿಲ್ಲ.

ವಾದವು ಅಲ್ಲಿಗೆ ನಿಲ್ಲಲಿಲ್ಲ. ವ್ಯಾಸತೀರ್ಥರ ಪರಂಪರೆಯ ರಾಮಾಚಾರ್ಯರು 'ತರಂಗಿಣಿ'ಯನ್ನು ಬರೆದು ಮಧುಸೂದನರನ್ನು ಖಂಡಿಸಿದರು. ಅದಕ್ಕೆ ಗೌಡ ಬ್ರಹ್ಮಾನಂದರು 'ಲಘುಚಂದ್ರಿಕೆ'ಯಲ್ಲಿ ಮರುತ್ತರವಿತ್ತರು. 'ಗೌಡ' ಎಂದರೆ ವಂಗದೇಶದವರೆಂದು ಅರ್ಥ; ನಮ್ಮ ಹಳ್ಳಿಯ ಗೌಡರೆಂದು ವಿದ್ಯಾರ್ಥಿಗಳು ಎಣಿಸಬಾರದು.

ಈ ಗ್ರಂಥಗಳಿಗೆ ಕಲ್ಕತ್ತೆಯು ಮುದ್ರಣದ ಮನೆಯಾದುದು ಆಕಸ್ಮಿಕವಲ್ಲ. ೧೮೨೪ರಲ್ಲಿಯೇ ಅಲ್ಲಿ ಸಂಸ್ಕೃತ ಕಾಲೇಜು ಆರಂಭವಾಗಿತ್ತು. ೧೮೮೪ರಿಂದ ೧೯೦೧ರವರೆಗೆ ಅಲ್ಲಿಯ ಏಷಿಯಾಟಿಕ್ ಸೊಸೈಟಿಯು ತತ್ತ್ವಚಿಂತಾಮಣಿಯನ್ನು ಅಚ್ಚು ಹಾಕಿಸಿತು. ಆ ಸಂಸ್ಕೃತ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದ ಸುರೇಂದ್ರನಾಥ ದಾಸಗುಪ್ತರು ತಮ್ಮ ಭಾರತೀಯ ದರ್ಶನಗಳ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ, ೧೯೪೯ರಲ್ಲಿ, ವ್ಯಾಸತೀರ್ಥರ ತರ್ಕನೈಪುಣ್ಯಕ್ಕೆ ಭಾರತೀಯ ಚಿಂತನೆಯಲ್ಲಿಯೇ ಸಾಟಿ ವಿರಳವೆಂದು ಒಪ್ಪಿದರು. ದಾಸಗುಪ್ತರೂ ಮಧುಸೂದನರಂತೆ ವಂಗದೇಶದವರೇ.