ಹೊಟ್ಟೆನೋವಿನ ಮಾತ್ರೆ, ಪ್ರಾಸ್ಟೇಟ್ ಮಾತ್ರೆ: ಈ ಜೋಡಿ ಅಪಾಯವೇ?

ಹಿರಿಯರು ಹೆಚ್ಚಿರುವ ಬೆಂಗಳೂರಿನ ಜಯನಗರ, ಬನಶಂಕರಿಯಲ್ಲಿ ಪ್ರಾಸ್ಟೇಟ್ ತೊಂದರೆಗೆಂದು ದಿನವೂ ಟ್ಯಾಮ್ಸುಲೋಸಿನ್ ನುಂಗುವವರು ಬಹಳ ಮಂದಿ. ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿರುವ ಹುಡುಗನ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಅದೇ ಗುಳಿಗೆ ಬರೆದುಕೊಡುವುದುಂಟು. ಇದು ಆಲ್ಫಾ ಬ್ಲಾಕರ್ ಗುಂಪಿನ ಔಷಧ. ಹೊಟ್ಟೆ ಹಿಂಡಿದಂತಾದಾಗ ಇದರ ಜೊತೆಗೆ ಸೆಳೆತ ಬಿಡಿಸುವ ಮಾತ್ರೆಯನ್ನೂ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. 'ಎರಡನ್ನೂ ಒಟ್ಟಿಗೆ ಮುಟ್ಟಲೇಬಾರದು, ಮೂತ್ರ ಕಟ್ಟಿಬಿಡುತ್ತದೆ' ಎಂಬುದು ಒಂದು. 'ಎರಡೂ ಸ್ನಾಯು ಸಡಿಲಿಸುವ ಮಾತ್ರೆಗಳೇ, ಎಷ್ಟು ತೆಗೆದುಕೊಂಡರೂ ಏನಾಗದು' ಎಂಬುದು ಇನ್ನೊಂದು. ಎರಡೂ ತಪ್ಪು, ಮತ್ತು ತಪ್ಪಿನ ಮೂಲವೂ ಒಂದೇ: ಸೆಳೆತದ ಮಾತ್ರೆಗಳೆಲ್ಲ ಒಂದೇ ಜಾತಿಯವು ಎಂದುಕೊಂಡಿರುವುದು.

ಟ್ಯಾಮ್ಸುಲೋಸಿನ್ ಪ್ರಾಸ್ಟೇಟ್, ಮೂತ್ರಕೋಶದ ಕುತ್ತಿಗೆ ಮತ್ತು ಮೂತ್ರನಾಳದ ಕೆಳಭಾಗದ ಸ್ನಾಯುವನ್ನು ಸಡಿಲಿಸುತ್ತದೆ. ಅಂದರೆ ಬಾಗಿಲನ್ನು ತೆರೆಯುತ್ತದೆ. ಸೆಳೆತದ ಮಾತ್ರೆಗಳಲ್ಲಿ ಡ್ರೊಟಾವೆರಿನ್ ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುತ್ತದೆ. ಡೈಸೈಕ್ಲೋಮಿನ್, ಹಯೋಸಿನ್‌ಗಳ ದಾರಿ ಬೇರೆ. ಅವು ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕದ ಸಂದೇಶವನ್ನು ತಡೆಯುತ್ತವೆ. ಮೂತ್ರಕೋಶ ಹಿಂಡಿಕೊಂಡು ಮೂತ್ರವನ್ನು ಹೊರಗೆ ತಳ್ಳುವುದೂ ಅದೇ ಸಂದೇಶದಿಂದ. ಹಾಗಾಗಿ ಬಾಗಿಲು ತೆರೆದಿದ್ದರೂ ತಳ್ಳುವ ಕೈ ಸೋಲಬಹುದು. ಬಾಗಿಲು ಮೊದಲೇ ಬಿಗಿಯಾಗಿರುವ ಎಪ್ಪತ್ತರ ಹಿರಿಯರಿಗೆ ಇದು ತೊಂದರೆ ಕೊಡಬಲ್ಲದು. ಪ್ರಾಸ್ಟೇಟ್ ಸಮಸ್ಯೆಯೇ ಇಲ್ಲದ ಇಪ್ಪತ್ತೈದರ ಹುಡುಗನಿಗೆ ಆ ಭಯ ತೀರ ಕಡಿಮೆ.

ಹಾಗಾದರೆ ಹಿರಿಯರಿಗೆ ಈ ಜೋಡಿ ನಿಷಿದ್ಧವೇ? ಅಲ್ಲ. 2006ರಲ್ಲಿ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 879 ಪುರುಷರಿಗೆ 12 ವಾರ ಟ್ಯಾಮ್ಸುಲೋಸಿನ್, ಡೈಸೈಕ್ಲೋಮಿನ್‌ನಂತೆಯೇ ಅಸಿಟೈಲ್‌ಕೋಲಿನ್ ಸಂದೇಶ ತಡೆದು ಮೂತ್ರಕೋಶದ ಸೆಳೆತ ತಗ್ಗಿಸುವ ಟಾಲ್ಟೆರೊಡಿನ್, ಎರಡೂ ಒಟ್ಟಿಗೆ, ಇಲ್ಲವೇ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಲಾಯಿತು. ಜೋಡಿ ಔಷಧ ಪಡೆದವರಲ್ಲಿ ಮೂತ್ರ ಕಟ್ಟಿ ಕೊಳವೆ ಹಾಕಬೇಕಾಗಿ ಬಂದದ್ದು ಕೇವಲ ಶೇಕಡಾ 0.4 ಮಂದಿಗೆ. ಟ್ಯಾಮ್ಸುಲೋಸಿನ್ ಜೊತೆ ಇದೇ ಬಗೆಯ ಔಷಧ ಸೇರಿಸಿದ ಮಾತ್ರೆಗಳು ಇಂದು ಮಾರುಕಟ್ಟೆಯಲ್ಲೇ ಇವೆ. 'ಮುಟ್ಟಲೇಬಾರದು' ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

'ಹಾಗಿದ್ದರೆ ಅಂಗಡಿಯಿಂದ ನಾವೇ ತಂದು ನುಂಗಿದರೇನು?' ಎಂದು ಕೇಳಬಹುದು. ಅದೇ ಅಧ್ಯಯನದಲ್ಲಿ, ಮೂತ್ರ ಮಾಡಿದ ಮೇಲೂ ಮೂತ್ರಕೋಶದಲ್ಲಿ 200 ಮಿಲಿಲೀಟರ್‌ಗಿಂತ ಹೆಚ್ಚು ಉಳಿಯುತ್ತಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಸುರಕ್ಷತೆಯ ಭರವಸೆ ಸಿಕ್ಕಿದ್ದು ಅಳೆದು ಆರಿಸಿದವರಿಗೆ. ಎಷ್ಟು ಉಳಿಯುತ್ತದೆಂದು ಸ್ಕ್ಯಾನ್ ಹೇಳಬೇಕೇ ಹೊರತು ಅಂದಾಜಲ್ಲ. ಅಲ್ಲದೆ ಡೈಸೈಕ್ಲೋಮಿನ್ ಗುಂಪಿನ ಔಷಧಗಳು ಕೆಲವು ಬಗೆಯ ಗ್ಲಾಕೋಮಾವನ್ನು ಕೆರಳಿಸಬಲ್ಲವು, ಹಿರಿಯರಲ್ಲಿ ಮಲಬದ್ಧತೆ, ಗೊಂದಲವನ್ನೂ ತರಬಲ್ಲವು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಅಸಿಟೈಲ್‌ಕೋಲಿನ್ ತಡೆಯುವ ಇದೇ ಹೊರೆಗೆ ಸೇರಿಕೊಳ್ಳುತ್ತವೆ. ಒಂದೊಂದನ್ನೂ ಬೇರೆ ಬೇರೆ ವೈದ್ಯರು ಬರೆದಿದ್ದರೆ ಮೊತ್ತ ಯಾರ ಗಮನಕ್ಕೂ ಬರುವುದಿಲ್ಲ.

ಮೂತ್ರ ಕಟ್ಟುವ ಭಯದ ನಡುವೆ ಎಲ್ಲರೂ ಮರೆಯುವುದು ರಕ್ತದೊತ್ತಡವನ್ನು. ಆಲ್ಫಾ ಬ್ಲಾಕರ್‌ನಿಂದ, ಅದರಲ್ಲೂ ಹೊಸದಾಗಿ ಶುರುಮಾಡಿದಾಗ, ಎದ್ದು ನಿಂತ ಕೂಡಲೇ ಬಿ.ಪಿ. ಇಳಿದು ತಲೆ ಸುತ್ತಬಹುದು. ಡ್ರೊಟಾವೆರಿನ್ ಕೂಡ ಒತ್ತಡವನ್ನು ತುಸು ಇಳಿಸಬಲ್ಲದು. ಬಿ.ಪಿ. ಮಾತ್ರೆಯೂ ಇದ್ದರೆ ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಟ್ಯಾಮ್ಸುಲೋಸಿನ್ ಗುಳಿಗೆಯನ್ನು ದಿನವೂ ಅದೇ ಹೊತ್ತಿನ ಊಟವಾದ ಅರ್ಧ ಗಂಟೆಗೆ ತೆಗೆದುಕೊಳ್ಳಿ ಎನ್ನುವುದಕ್ಕೆ ಕಾರಣವಿದೆ: ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಹೆಚ್ಚು ಪ್ರಮಾಣದಲ್ಲಿ, ಬೇಗನೆ ಸೇರುತ್ತದೆ. ಏಕಾದಶಿಯ ನಿರಾಹಾರದಲ್ಲೂ ಗುಳಿಗೆ ತಪ್ಪಿಸದವರು ಇದನ್ನು ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ರಾತ್ರಿ ಬಚ್ಚಲಿಗೆ ಹೋಗುವಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು.

ಒಟ್ಟಿನಲ್ಲಿ ಈ ಜೋಡಿ ವಿಷವೂ ಅಲ್ಲ, ಪೆಪ್ಪರಮಿಂಟೂ ಅಲ್ಲ. ಯಾವ ಮಾತ್ರೆ, ಯಾರಿಗೆ, ಜೊತೆಗೆ ಇನ್ನೇನಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ತೀರ್ಮಾನ. ಮನೆಯ ಹಿರಿಯರು ನುಂಗುವ ಮಾತ್ರೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಒತ್ತಡವಿದ್ದೂ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿದರೆ, ಅಥವಾ ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.